ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಮೊದಲ ಸರದಿ ಸಿಕ್ಕ ತಂಡ ಎಲ್ಲರೂ ಹೊಗಳುವ ಆಟಗಾರನನ್ನೇ ಕೆಲವೊಮ್ಮೆ ಏಕೆ ಆರಿಸುವುದಿಲ್ಲ?

ಬಹಳ ಸಲ ಅದು ದುಡ್ಡಿನ ಲೆಕ್ಕಾಚಾರ. ಅಮೆರಿಕದ ಮೇಜರ್ ಲೀಗ್‌ನಲ್ಲಿ 2012ರಿಂದ ಡ್ರಾಫ್ಟ್‌ನ ಮೊದಲ ಹತ್ತು ಸುತ್ತಿಗೆ ಪ್ರತಿ ತಂಡಕ್ಕೂ ಬೋನಸ್ ಹಣದ (ಒಪ್ಪಂದಕ್ಕೆ ಸಹಿ ಹಾಕಲು ಆಟಗಾರರಿಗೆ ಕೊಡುವ ದುಡ್ಡು) ಮಿತಿ ಇದೆ. ಒಬ್ಬನ ಹತ್ತಿರ ಉಳಿಸಿದ್ದನ್ನು ಇನ್ನೊಬ್ಬನಿಗೆ ಸುರಿಯಬಹುದು.

ಅದೇ ವರ್ಷ ಹ್ಯೂಸ್ಟನ್ ಆಸ್ಟ್ರೋಸ್ ಏನು ಮಾಡಿತು ನೋಡಿ. ಎಲ್ಲರ ಬಾಯಲ್ಲೂ ಮಾರ್ಕ್ ಅಪೆಲ್, ಬೈರನ್ ಬಕ್ಸ್‌ಟನ್ ಹೆಸರು. ತಂಡ ಕರೆದದ್ದು ಪೋರ್ಟೊರಿಕೋದ 17ರ ಹುಡುಗ ಕಾರ್ಲೋಸ್ ಕೊರಿಯಾನನ್ನು! ಆ ಸ್ಥಾನಕ್ಕೆ ಗೊತ್ತುಮಾಡಿದ್ದು 72 ಲಕ್ಷ ಡಾಲರ್. ಅವನು 48 ಲಕ್ಷಕ್ಕೇ ಒಪ್ಪಿದ. ಉಳಿದ ದುಡ್ಡಿನ ಬಲದಲ್ಲಿ, ಕಾಲೇಜಿಗೆ ಹೊರಟಿದ್ದ ಪಿಚರ್ (ಚೆಂಡೆಸೆಯುವವ) ಲ್ಯಾನ್ಸ್ ಮೆಕಲರ್ಸ್‌ನನ್ನು 41ನೇ ಸರದಿಯಲ್ಲಿ ಹಿಡಿದು 25 ಲಕ್ಷ ಕೊಟ್ಟರು. 2017ರ ವರ್ಲ್ಡ್ ಸೀರೀಸ್‌ನ (ಲೀಗ್‌ನ ಫೈನಲ್ ಸರಣಿ) ಏಳನೇ ಪಂದ್ಯದಲ್ಲಿ ಆಸ್ಟ್ರೋಸ್ ಪರ ಪಿಚಿಂಗ್ ಶುರು ಮಾಡಿದ್ದು ಮೆಕಲರ್ಸ್, ಶಾರ್ಟ್‌ಸ್ಟಾಪ್‌ನಲ್ಲಿ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡಿಂಗ್ ಸ್ಥಾನ) ನಿಂತಿದ್ದು ಕೊರಿಯಾ. ಕಪ್ ಗೆದ್ದರು.

ಸುಮ್ನೆ ಹೊಗಳಿಕೆ ನಂಬಿದರೆ ಏನಾಗುತ್ತದೆ ಅಂತೀರಾ? 2013ರಲ್ಲಿ ಇದೇ ತಂಡ ಮೊದಲ ಸರದಿಯಲ್ಲಿ ಅಪೆಲ್‌ನನ್ನೇ ಆರಿಸಿತು. ಅವನು ಮೇಜರ್ ಲೀಗ್‌ನಲ್ಲಿ ಮೊದಲ ಸಲ ಚೆಂಡೆಸೆದದ್ದು 2022ರಲ್ಲಿ, 30ನೇ ವಯಸ್ಸಿನಲ್ಲಿ. ಅದೂ ಫಿಲಡೆಲ್ಫಿಯಾ ತಂಡದ ಪರ.