ದಿನಾ ಎರಡು ಗಂಟೆ ಪಿಕಲ್‌ಬಾಲ್ ಆಡಿದರೂ ಆಟ ಸುಧಾರಿಸುತ್ತಿಲ್ಲ, ಮೂರು ಗಂಟೆ ಆಡಿದರೆ ಆಗುತ್ತಾ?

ಆಗಲ್ಲ. ಹೊತ್ತು ಜಾಸ್ತಿ ಮಾಡಲೇಬೇಡಿ. ತುಮಕೂರಿನವರು, ಶಟಲ್ ಆಡುತ್ತಿದ್ದವರು, ಈಗಲೂ ಅದೇ ಶಟಲ್ ಕೋರ್ಟಿನಲ್ಲಿ ಪಿಕಲ್‌ಬಾಲ್ ಆಡುತ್ತಿದ್ದೇವೆ ಅಂತ ಬರೆದಿದ್ದೀರಲ್ಲ, ಆ ಸಾಲು ಓದಿದ ಮೇಲೆ ಉತ್ತರ ಬರೆಯದೆ ಇರೋಕೆ ಆಗಲಿಲ್ಲ.

ನಾವೂ ತುಮಕೂರಿನ ಶಿರಾಗೇಟ್ ಕಡೆ ಹಾಗೇ ಶುರು ಮಾಡಿದ್ದು. ಸಿಮೆಂಟ್ ನೆಲದ ಹಳೇ ಶಟಲ್ ಕೋರ್ಟ್ ಇತ್ತು. ನೆಟ್ ಇಳಿಸಿ ಕಟ್ಟಿದೆವು, ಹಲಗೆಯಂಥ ಪ್ಯಾಡಲ್ ಹಿಡಿದು ತೂತಿನ ಪ್ಲಾಸ್ಟಿಕ್ ಚೆಂಡಲ್ಲಿ ಆಡಿದೆವು. ಶಟಲ್ ಡಬಲ್ಸ್ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ. ಪಿಕಲ್‌ಬಾಲ್ ಕೋರ್ಟೂ ಅಷ್ಟೇ. 1965ರಲ್ಲಿ ಅಮೆರಿಕದ ಬೈನ್‌ಬ್ರಿಜ್ ದ್ವೀಪದಲ್ಲಿ ಈ ಆಟ ಹುಟ್ಟಿದ್ದೇ ಒಂದು ಮನೆಯ ಹಳೇ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ. ಹಾಗಿದ್ದ ಮೇಲೆ ಹೊಸದಾಗಿ ಗೆರೆ ಎಳೆಯೋದು ಯಾಕೆ, ಇರೋ ಗೆರೆಯೇ ಸಾಕು ಅಂದುಕೊಂಡೆವು.

ಅಲ್ಲೇ ತಪ್ಪಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಕೋರ್ಟಲ್ಲೂ ಇದೇ ಆಗಿರಬಹುದು ಅನ್ನೋ ಅನುಮಾನ ನನಗಿದೆ.

ಶಟಲ್‌ನಲ್ಲಿ ಸರ್ವಿಸ್‌ಗೆ ಮುಂದೆ ಒಂದು ಗೆರೆ ಇರುತ್ತಲ್ಲ, ಅದು ನೆಟ್‌ನಿಂದ ಆರೂವರೆ ಅಡಿ ದೂರ. ಪಿಕಲ್‌ಬಾಲ್‌ನಲ್ಲಿ ನೆಟ್ ಪಕ್ಕದ ಜಾಗಕ್ಕೆ ಕಿಚನ್ ಅಂತಾರೆ, ಅದರ ಗೆರೆ ಇರಬೇಕಾದ್ದು 7 ಅಡಿಗೆ. ಬರೀ ಅರ್ಧ ಅಡಿ ವ್ಯತ್ಯಾಸ, ಕಣ್ಣಿಗೆ ಗೊತ್ತೇ ಆಗಲ್ಲ. ಆದರೆ ಕಿಚನ್ ಒಳಗೆ ಕಾಲಿಟ್ಟುಕೊಂಡು ಚೆಂಡನ್ನು ಪುಟಿಯೋಕೆ ಮುಂಚೆ ಹೊಡೆಯೋ ಹಾಗಿಲ್ಲ, ಅಂದರೆ ವಾಲಿ ಹೊಡೆಯೋ ಹಾಗಿಲ್ಲ. ಗೆರೆಯೂ ಕಿಚನ್‌ಗೇ ಸೇರಿದ್ದು, ಹೆಬ್ಬೆರಳು ತಾಗಿದರೂ ಫಾಲ್ಟ್. ಹೊಡೆದ ಮೇಲೆ ಆ ರಭಸಕ್ಕೆ ಒಂದು ಹೆಜ್ಜೆ ಒಳಗೆ ಹೋದರೂ ಫಾಲ್ಟೇ, ಅಷ್ಟರಲ್ಲಿ ಪಾಯಿಂಟ್ ಮುಗಿದಿದ್ದರೂ ಅಷ್ಟೇ. ನಾವು ಶಟಲ್ ಗೆರೆಯನ್ನೇ ಕಿಚನ್ ಅಂದುಕೊಂಡು, ಅದಕ್ಕೆ ಕಾಲು ಅಂಟಿಸಿ ನಿಂತು, ತಿಂಗಳುಗಟ್ಟಲೆ ವಾಲಿ ಹೊಡೆದೆವು. ಅಂದರೆ ಹೊಡೆದ ಅಷ್ಟೂ ವಾಲಿ ಫಾಲ್ಟ್. ನಮಗೆ ಹೇಳೋರು ಯಾರೂ ಇರಲಿಲ್ಲ, ಎದುರಿಗೆ ಆಡೋರೂ ಅದೇ ಗೆರೆಯಲ್ಲೇ ನಿಲ್ಲುತ್ತಿದ್ದರು.

ಆಮೇಲೆ ಬೆಂಗಳೂರಲ್ಲಿ ಒಂದು ಟೂರ್ನಮೆಂಟ್‌ಗೆ ಹೆಸರು ಕೊಟ್ಟೆವು. ನಾನು, ನನ್ನ ಭಾವಮೈದ. ಬೆಳಗಿನ ರೈಲಿಗೆ ಹೋದೆವು, ಗೆಲ್ಲೋ ನಂಬಿಕೆ ಚೆನ್ನಾಗಿಯೇ ಇತ್ತು. ಮೊದಲ ಪಂದ್ಯದಲ್ಲೇ ರೆಫರಿ ಫಾಲ್ಟ್ ಕೊಡೋಕೆ ಶುರು ಮಾಡಿದರು. "ಭಾವ, ಗೆರೆ ನೋಡ್ಕೊಳ್ಳಿ" ಅಂದ ಅವನು. "ದಿನಾ ನಿಲ್ಲೋ ಜಾಗದಲ್ಲೇ ನಿಂತಿದೀನಲ್ಲೋ" ಅಂದೆ. ನಿಜಕ್ಕೂ ಹಾಗೇ ಅನ್ನಿಸುತ್ತಿತ್ತು. ಗೆರೆ ಕಣ್ಣೆದುರಿಗೇ ಇದೆ, ಹಿಂದೆ ನಿಲ್ಲಬೇಕು ಅಂತ ಗೊತ್ತಿದೆ, ಆದರೆ ಚೆಂಡು ಬಂದ ಕೂಡಲೇ ಕಾಲು ತಾನಾಗಿ ಮುಂದೆ ಹೋಗುತ್ತಿತ್ತು. ಹೆದರಿ ಪೂರ್ತಿ ಹಿಂದೆ ಸರಿದರೆ ಅವರು ನೇರ ಕಾಲಿನ ಬುಡಕ್ಕೆ ಹೊಡೆಯುತ್ತಿದ್ದರು. ಸೋತು ಬಂದ ದಿನವೇ ಸಂಜೆ ಮೇಸ್ತ್ರಿಯೊಬ್ಬರ ಹತ್ತಿರ ಟೇಪ್ ಇಸ್ಕೊಂಡು ಅಳೆದೆ. ಆರೂವರೆ ಅಡಿ! ಕಲಿತಿದ್ದಕ್ಕಿಂತ ಆ ಅರ್ಧ ಅಡಿಯನ್ನು ಮರೆಯೋಕೆ ನನಗೆ ಜಾಸ್ತಿ ಕಾಲ ಬೇಕಾಯಿತು.

ಅದಕ್ಕೇ ಹೇಳಿದ್ದು, ಮೂರು ಗಂಟೆ ಬೇಡ ಅಂತ. ದಿನಾ ಏನು ಮಾಡುತ್ತೀರೋ ಅದನ್ನೇ ಮೈ ಕಲಿಯುತ್ತೆ, ಅದು ಸರಿಯೋ ತಪ್ಪೋ ಮೈಗೆ ಗೊತ್ತಾಗಲ್ಲ. ಮೊದಲು ಕೋರ್ಟ್ ಅಳೆಯಿರಿ. 7 ಅಡಿಗೆ ಬೇರೆ ಬಣ್ಣದ ಟೇಪ್ ಅಂಟಿಸಿ. ನೆಟ್ ಎರಡೂ ಬದಿಯ ಗೆರೆ ಹತ್ತಿರ 36 ಇಂಚು, ನಡುವೆ 34 ಇಂಚು ಇರಬೇಕು. ಇಳಿಸಿ ಕಟ್ಟಿದ ಶಟಲ್ ನೆಟ್ ನಡುವೆ ಜೋತು ಬೀಳುತ್ತೆ, ಅದನ್ನೂ ನೋಡಿ. ಚೆಂಡೂ ಅಷ್ಟೇ: ಬಯಲಲ್ಲಿ ಆಡೋರಾದರೆ 40 ತೂತಿನ ಗಟ್ಟಿ ಚೆಂಡು ತನ್ನಿ. 26 ತೂತಿನದು ಒಳಾಂಗಣಕ್ಕೆ. ಆಷಾಢದ ಗಾಳಿಗೆ ಅದು ಎತ್ತ ಹೋಗುತ್ತೆ ಅಂತ ಹೇಳೋಕಾಗಲ್ಲ.

ಇನ್ನೊಂದು ಮಾತು, ಸ್ವಲ್ಪ ಖಾರ ಅನ್ನಿಸಬಹುದು. ನೀವು "ಪ್ರಾಕ್ಟೀಸ್" ಅಂತ ಬರೆದಿರೋದು ಪ್ರಾಕ್ಟೀಸೇ ಅಲ್ಲ. ಅದೇ ನಾಲ್ಕು ಜನ, 11 ಪಾಯಿಂಟಿನ ಗೇಮು, ಆಮೇಲೆ ಕಾಫಿ. ಅದು ಆಟ, ತಪ್ಪೇನಿಲ್ಲ, ನಾನೂ ಆಡುತ್ತೇನೆ. ಆದರೆ ಗೇಮ್ ಆಡುವಾಗ ಗೆಲ್ಲಬೇಕು ಅನ್ನೋದೇ ತಲೆಯಲ್ಲಿರುತ್ತೆ, ಬರದ ಹೊಡೆತವನ್ನು ಯಾರೂ ಮುಟ್ಟಲ್ಲ. ಶಟಲ್‌ನಿಂದ ಬಂದವರಿಗೆ ಬರದೆ ಇರೋದು ಮೂರನೇ ಹೊಡೆತ. ಸರ್ವ್ ಒಂದು, ರಿಟರ್ನ್ ಎರಡು, ಎರಡೂ ಪುಟಿಯಲೇಬೇಕು. ಹಾಗಾಗಿ ಸರ್ವ್ ಮಾಡಿದವರು ಹಿಂದೆಯೇ ಉಳಿಯುತ್ತಾರೆ, ಎದುರಿನವರು ಆಗಲೇ ಕಿಚನ್ ಗೆರೆಗೆ ಬಂದಿರುತ್ತಾರೆ. ಆಗ ಮಣಿಕಟ್ಟು ತಿರುಗಿಸಿ ಬಲವಾಗಿ ಹೊಡೆದರೆ ಚೆಂಡು ಅವರ ಎದೆ ಮಟ್ಟಕ್ಕೆ ಹೋಗುತ್ತೆ, ಅವರಿಗೆ ಅದು ಹಬ್ಬ. ಬೇಕಾಗಿರೋದು ಡ್ರಾಪ್: ಚೆಂಡು ನೆಟ್ ದಾಟಿ ಅವರ ಕಿಚನ್ ಒಳಗೆ ಮೆತ್ತಗೆ ಬೀಳಬೇಕು, ಆ ಗ್ಯಾಪಲ್ಲಿ ನೀವು ಮುಂದೆ ಬರಬೇಕು. ಮಣಿಕಟ್ಟು ಅಲ್ಲಾಡಬಾರದು, ಭುಜದಿಂದ ತಳ್ಳಬೇಕು. ಹಿಡಿತ, ಕೋಳಿಮರಿ ಹಿಡಿದಷ್ಟು ಬಿಗಿ ಸಾಕು.

ಇದಕ್ಕೆ ಒಬ್ಬ ಜೊತೆಗಾರ ಸಾಕು. ಇಬ್ಬರೂ ಕಿಚನ್ ಗೆರೆಯಲ್ಲಿ ನಿಂತು ಬರೀ ಡಿಂಕ್ ಮಾಡಿ, ಅಂದರೆ ಚೆಂಡನ್ನು ಮೆತ್ತಗೆ ಎದುರಿನ ಕಿಚನ್‌ಗೆ ದಾಟಿಸಿ, ಮೊದಲು ನೇರಕ್ಕೆ, ಆಮೇಲೆ ಮೂಲೆಯಿಂದ ಮೂಲೆಗೆ. ಅದು ಕೂತ ಮೇಲೆ ನೀವು ಒಂದೊಂದು ಹೆಜ್ಜೆ ಹಿಂದೆ ಹೋಗಿ, ಅದೇ ಮೆತ್ತನೆಯ ಚೆಂಡನ್ನೇ ಹಾಕುತ್ತಾ ಬೇಸ್‌ಲೈನ್, ಅಂದರೆ ಕೋರ್ಟಿನ ಹಿಂದಿನ ಗೆರೆ, ತನಕ. ಎಲ್ಲಿ ಚೆಂಡು ಎತ್ತರ ಏಳೋಕೆ ಶುರುವಾಗುತ್ತೋ ಅಲ್ಲೇ ನಿಂತು ಆ ದಿನ ಕಳೆಯಿರಿ. ಬೇಜಾರಾಗುತ್ತೆ, ನಿಜ. ನಿಮ್ಮ ಎರಡು ಗಂಟೆಯಲ್ಲಿ ಅರ್ಧ ಇದಕ್ಕೆ ಕೊಟ್ಟು, ಆಮೇಲೆ ಗೇಮ್ ಆಡಿ. ಫೋನನ್ನು ಪಕ್ಕದ ಗೆರೆ ಹತ್ತಿರ, ಕಾಲು ಕಾಣೋ ಹಾಗೆ ಇಟ್ಟು ವಿಡಿಯೋ ಮಾಡಿ. ನಮಗೆ ಆ ಬುದ್ಧಿ ಮೊದಲೇ ಬಂದಿದ್ದರೆ ಬೆಂಗಳೂರಿಗೆ ಹೋಗಿ ತಿಳಿಯಬೇಕಿರಲಿಲ್ಲ.

ದುಬಾರಿ ಕಾರ್ಬನ್ ಪ್ಯಾಡಲ್ ತಗೊಳ್ಳಲಾ ಅಂತಲೂ ಕೇಳಿದ್ದೀರಿ. ಈಗ ಬೇಡ. ಆ ದುಡ್ಡಲ್ಲಿ ಒಳ್ಳೇ ಕೋರ್ಟ್ ಶೂ ತಗೊಳ್ಳಿ. ರನ್ನಿಂಗ್ ಶೂ ಹಾಕಿಕೊಂಡು ಪಕ್ಕಕ್ಕೆ ಹಾರಿದರೆ ಪಾದ ಉಳುಕುತ್ತೆ, ಸಿಮೆಂಟ್ ನೆಲದಲ್ಲಂತೂ ಇನ್ನೂ ಬೇಗ.

ಜೊತೆಗಾರ ಸಿಗದಿದ್ದರೆ ಇಲ್ಲೇ ಹೇಳಿ. ವಾರದಲ್ಲಿ ಒಂದು ಬೆಳಿಗ್ಗೆ ನಾವು ಸ್ಕೋರ್ ಎಣಿಸದೆ ಬರೀ ಡ್ರಾಪ್, ಡಿಂಕ್ ಮಾಡುತ್ತೇವೆ, ಇನ್ನೊಬ್ಬರಿಗೆ ಜಾಗ ಇದೆ.