ಓದಿದವರ ಪಕ್ಷ ಯಾವುದು, ಓದದವರ ಪಕ್ಷ ಯಾವುದು ಅಂತ ಅಂಕಿಅಂಶದಿಂದ ತೋರಿಸುವುದು ಹೇಗೆ?

ನಿಮ್ಮ ಅಣ್ಣ ಅಮೆರಿಕದಿಂದ ಅಲ್ಲಿನ ಒಂದು ನಕ್ಷೆಯನ್ನು ನಿಮ್ಮ ಮನೆಯ ಗ್ರೂಪಿಗೆ ಕಳಿಸಿದ್ದಾರೆ. ಓದಿದವರು, ದುಡ್ಡಿರುವವರು ಜಾಸ್ತಿ ಇರುವ ರಾಜ್ಯಗಳು ಒಂದು ಪಕ್ಷಕ್ಕೆ, ಉಳಿದವು ಇನ್ನೊಂದಕ್ಕೆ. ‘ನಮ್ಮಲ್ಲೂ ಇದೇ ಕಥೆ’ ಎಂದಿದ್ದಾರೆ. ಗೋಕಾಕದ ನಿಮ್ಮ ಕಾಕಾ ಸಿಟ್ಟಾಗಿದ್ದಾರೆ. ಇಬ್ಬರಲ್ಲಿ ಯಾರು ಸರಿ ಅಂತ ಲೆಕ್ಕ ಇಟ್ಟು ತೋರಿಸುವುದು ಹೇಗೆ ಅಂತ ನೀವು ಕೇಳಿದ್ದೀರಿ. ದಯವಿಟ್ಟು ತೋರಿಸಲು ಹೋಗಬೇಡಿ. ನಾನು ಹೋಗಿದ್ದೆ.

ನಾನು ಬಾಗಲಕೋಟೆಯವನು. ಮನೆ ನವನಗರದಲ್ಲಿ, ಕೆಲಸ ಡೇಟಾದ್ದು. ನನ್ನ ಸೋದರಮಾವ ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡಿದ್ದಾರೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವರು. ನೂಲಿನ ರೇಟು, ಬಡ್ಡಿ, ಒಂದು ಸೀರೆಗೆ ಎಷ್ಟು ಉಳಿಯುತ್ತದೆ, ಎಲ್ಲ ಬಾಯಲ್ಲೇ ಹೇಳುತ್ತಾರೆ. ನಾನು ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ಫೀ ತಡವಾದರೆ ಅವ್ವ ಫೋನ್ ಮಾಡುತ್ತಿದ್ದದ್ದು ಅವರಿಗೇ.

2023ರ ವಿಧಾನಸಭೆ ಚುನಾವಣೆ ಮುಗಿದ ಮೇಲೆ ನಮ್ಮ ಮನೆ ಮಂದಿಯ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಶುರುವಾಯಿತು. ಇವರದು ಕೂಲಿಯವರ ಪಕ್ಷ, ಅವರದು ಸಾವ್ಕಾರರ ಪಕ್ಷ, ಓದಿದವರು ಯಾರೂ ಆ ಕಡೆ ಹೋಗಲ್ಲ, ಹೀಗೆ. ನನಗೆ ಇದಕ್ಕೆ ಉತ್ತರ ಇದೆ ಅನ್ನಿಸಿತು. ಫಾರ್ಮ್ 20 ಅಂತ ಒಂದು ಪಟ್ಟಿ ಬರುತ್ತದೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಓಟು ಬಿತ್ತು ಎಂದು ಅದರಲ್ಲಿ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಅದನ್ನು ತೆಗೆದುಕೊಂಡೆ. 2011ರ ಜನಗಣತಿಯ ಸಾಕ್ಷರತೆ ಅಂಕಿಗಳನ್ನು ಪಕ್ಕದಲ್ಲಿ ಕೂರಿಸಿದೆ. ಸಾಕ್ಷರತೆ ಕಡಿಮೆ ಇರುವ ಕಡೆ ಒಂದು ಪಕ್ಷಕ್ಕೆ ಓಟು ಜಾಸ್ತಿ ಬಿದ್ದ ಹಾಗೆ ಕಂಡಿತು. ಬಣ್ಣ ಹಾಕಿ ಗ್ರೂಪಿಗೆ ಹಾಕಿದೆ. ಕೆಳಗೆ ‘ಓದದವರ ಓಟು ಯಾರಿಗೆ ಹೋಗುತ್ತೆ ನೋಡಿ’ ಅಂತ ಬರೆದೆ. ಮಾವನ ಬೂತು ಆ ಚಿತ್ರದಲ್ಲಿ ಎದ್ದು ಕಾಣುತ್ತಿತ್ತು.

ಮಾವ ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಫೋನ್ ಮಾಡಿದರು. “ನನ್ನ ಓಟ್ ನೀ ಯಾವಾಗ ಎಣಿಸಿದಿ?” ಅಂದರು. “ಸಾಲಿ ಕಲಿತಿಲ್ಲ ಖರೆ. ನಾ ಯಾರಿಗಿ ಹಾಕೇನಿ ಅಂತ ನಿನಗ ಯಾರ ಹೇಳಿದ್ರು?” ನಾನು ಏನೋ ಹೇಳಲು ಹೋದೆ. ಇಟ್ಟುಬಿಟ್ಟರು.

ಅವರ ಪ್ರಶ್ನೆ ನೂರಕ್ಕೆ ನೂರು ಸರಿಯಾಗಿತ್ತು. ನಾನು ಯಾರ ಓಟನ್ನೂ ನೋಡಿರಲಿಲ್ಲ. ನೋಡಿದ್ದು ಬೂತಿನ ಮೊತ್ತವನ್ನು. ಇದನ್ನು ನಿಮಗೆ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಅಣ್ಣನ ನಕ್ಷೆಯಲ್ಲಿ ಇರುವುದೂ ಇದೇ ತಪ್ಪು.

ಒಂದು ವಾರ್ಡಿನಲ್ಲಿ 1000 ಮತದಾರರು ಎಂದುಕೊಳ್ಳಿ. 800 ಜನ ಓದಿದವರು, 200 ಜನ ಓದದವರು. ಒಂದು ಪಕ್ಷಕ್ಕೆ 400 ಓಟು ಬಿತ್ತು. ಇನ್ನೊಂದು ವಾರ್ಡಿನಲ್ಲೂ 1000 ಜನ. ಅಲ್ಲಿ 600 ಓದಿದವರು, 400 ಓದದವರು. ಅದೇ ಪಕ್ಷಕ್ಕೆ 500 ಬಿತ್ತು. ನೋಡಿದ ಕೂಡಲೇ ಏನನ್ನಿಸುತ್ತದೆ? ಓದದವರು ಜಾಸ್ತಿ ಇದ್ದಲ್ಲಿ ಈ ಪಕ್ಷಕ್ಕೆ ಓಟು ಜಾಸ್ತಿ, ಹಾಗಾದರೆ ಇದು ಓದದವರ ಪಕ್ಷ. ಈಗ ಇನ್ನೊಮ್ಮೆ ನೋಡಿ. ಮೊದಲ ವಾರ್ಡಿನ 400 ಓಟೂ ಓದಿದವರದೇ ಇರಬಹುದು. ಎರಡನೆಯದರ 500 ಕೂಡ ಅಲ್ಲಿನ 600 ಓದಿದವರಿಂದಲೇ ಬಂದಿರಬಹುದು. ಓದದ ಒಬ್ಬನೂ ಹಾಕದೇ ಇದ್ದರೂ ಇದೇ ಅಂಕಿ ಬರುತ್ತದೆ. ಮೊತ್ತ ನೋಡಿ ಇದರಲ್ಲಿ ಯಾವುದು ನಿಜ ಅಂತ ಹೇಳಲು ದಾರಿಯೇ ಇಲ್ಲ.

ಇದು ಹೊಸದಾಗಿ ಗೊತ್ತಾದ ವಿಷಯ ಅಲ್ಲ. 1950ರಲ್ಲೇ ಡಬ್ಲ್ಯೂ. ಎಸ್. ರಾಬಿನ್ಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಅಲ್ಲಿನ 1930ರ ಜನಗಣತಿ ಇಟ್ಟುಕೊಂಡು ತೋರಿಸಿದ್ದರು. ಹೊರದೇಶದಲ್ಲಿ ಹುಟ್ಟಿದವರು ಜಾಸ್ತಿ ಇರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ಹಾಗಂತ ವಲಸೆ ಬಂದವರು ಜಾಸ್ತಿ ಓದಿದವರಾ? ಇಲ್ಲ. ಒಬ್ಬೊಬ್ಬರನ್ನೇ ನೋಡಿದರೆ ಅವರಲ್ಲೇ ಅನಕ್ಷರಸ್ಥರು ಸ್ವಲ್ಪ ಜಾಸ್ತಿ. ಸ್ಥಳೀಯರು ಚೆನ್ನಾಗಿ ಓದಿದ್ದ ರಾಜ್ಯಗಳಿಗೆ ಅವರು ಬಂದು ನೆಲೆಸಿದ್ದರು, ಅಷ್ಟೆ. ರಾಜ್ಯದ ಲೆಕ್ಕ ಒಂದು ಹೇಳಿತು, ಮನುಷ್ಯರ ಲೆಕ್ಕ ಅದರ ಉಲ್ಟಾ ಹೇಳಿತು. ನಾನು ಇದನ್ನು ಓದಿದ್ದು ಮಾವ ಫೋನ್ ಇಟ್ಟ ಮೇಲೆ. ಮೊದಲೇ ಓದಬೇಕಿತ್ತು.

ನನ್ನ ಲೆಕ್ಕದಲ್ಲಿ ಇನ್ನೂ ತೂತುಗಳಿದ್ದವು. ಜನಗಣತಿಯಲ್ಲಿ ಸಾಕ್ಷರ ಅಂದರೆ ಏಳು ವರ್ಷ ತುಂಬಿದ, ಯಾವುದಾದರೂ ಒಂದು ಭಾಷೆಯನ್ನು ತಿಳಿದು ಓದಿ ಬರೆಯಬಲ್ಲ ವ್ಯಕ್ತಿ. ಎರಡನೇ ಇಯತ್ತೆಯ ಹುಡುಗಿಯೂ ಅದರಲ್ಲಿ ಸೇರುತ್ತಾಳೆ, ಪಿಎಚ್‌ಡಿ ಮಾಡಿದವರೂ ಸೇರುತ್ತಾರೆ. ನನ್ನ ಮಾವನೂ ಅದರಲ್ಲಿ ಸಾಕ್ಷರರೇ! ಅವರು ದಿನಾ ಪೇಪರ್ ಓದುತ್ತಾರೆ. ಇನ್ನೊಂದು, 2023ರಲ್ಲಿ ಮೊದಲ ಸಲ ಓಟು ಹಾಕಿದ 18 ವರ್ಷದವರು 2011ರಲ್ಲಿ ಏಳು ವರ್ಷ ಕೂಡ ತುಂಬದ ಮಕ್ಕಳು. ನಾನು ಇಟ್ಟುಕೊಂಡ ಅಂಕಿಯಲ್ಲಿ ಅವರು ಇಲ್ಲವೇ ಇಲ್ಲ. ವಾರ್ಡಿನ ಗಡಿ ಮತ್ತು ಬೂತಿನ ಗಡಿ ಕೂಡ ಒಂದೇ ಅಲ್ಲ, ನಾನು ಅಂದಾಜಿನ ಮೇಲೆ ಹೊಂದಿಸಿದ್ದೆ.

ಅದೇ ವರ್ಷ ತಂಗಿಯ ಮದುವೆ ಇತ್ತು. ನಮ್ಮಲ್ಲಿ ಸೋದರಮಾವ ಮುಂದೆ ನಿಂತು ನಡೆಸಬೇಕು. ಮಾವ ಅಕ್ಕಿಕಾಳು ಬೀಳುವ ಹೊತ್ತಿಗೆ ಬಂದರು, ಊಟ ಮಾಡದೆ ಹೋದರು. ಆಮೇಲೆ ನಾನು ಬನಹಟ್ಟಿಗೆ ಹೋಗಿ ತಪ್ಪಾಯ್ತು ಅಂತ ಕೇಳಿದೆ. ಈಗ ಮಾತಾಡುತ್ತಾರೆ. ಆದರೆ ರಾಜಕೀಯ ನನ್ನ ಮುಂದೆ ಎತ್ತುವುದಿಲ್ಲ. ಮೊದಲು ಹಾಗಿರಲಿಲ್ಲ. ನೇಕಾರರ ಓಣಿಯಲ್ಲಿ ಯಾರು ಯಾಕೆ ಬೇಜಾರಾಗಿದ್ದಾರೆ, ಮಗ್ಗದ ಕರೆಂಟಿನ ವಿಷಯ ಏನಾಯಿತು, 2019ರಲ್ಲಿ ಹೊಳೆ ಏರಿ ಬಂದಾಗ ಯಾವ ಲೀಡರ್ ಬಂದರು, ಯಾರು ಬರಲಿಲ್ಲ, ಎಲ್ಲ ಅವರಿಂದಲೇ ಕೇಳುತ್ತಿದ್ದೆ. ಓಟು ಯಾಕೆ ಆ ಕಡೆ ಈ ಕಡೆ ಹೋಗುತ್ತದೆ ಅಂತ ನನಗೆ ಸ್ವಲ್ಪವಾದರೂ ಅರ್ಥವಾಗಿದ್ದರೆ ಅದು ಅವರ ಮಾತಿನಿಂದ. ಅದನ್ನು ನಾನೇ ಕಳೆದುಕೊಂಡೆ. ಅವರು ಯಾರಿಗೆ ಓಟು ಹಾಕಿದ್ದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವುದೂ ಇಲ್ಲ.

ಈಗ ನಿಮ್ಮ ಅಣ್ಣನ ಮಾತಿಗೆ ಬರುತ್ತೇನೆ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಏಳು ವಿಧಾನಸಭಾ ಕ್ಷೇತ್ರ. 2008ರಲ್ಲಿ ಏಳಕ್ಕೆ ಏಳೂ ಬಿಜೆಪಿ. 2013ರಲ್ಲಿ ಕಾಂಗ್ರೆಸ್ 6, ಬಿಜೆಪಿ 1. 2018ರಲ್ಲಿ ಬಿಜೆಪಿ 5, ಕಾಂಗ್ರೆಸ್ 2. 2023ರಲ್ಲಿ ಮತ್ತೆ ಕಾಂಗ್ರೆಸ್ 5, ಬಿಜೆಪಿ 2. ಮರುವರ್ಷವೇ ಲೋಕಸಭೆಗೆ ಬಾಗಲಕೋಟೆ ಕ್ಷೇತ್ರದಲ್ಲಿ ಬಿಜೆಪಿಯ ಪಿ. ಸಿ. ಗದ್ದಿಗೌಡರ ಗೆದ್ದರು, ಅವರು 2004ರಿಂದ ಸೋತಿಲ್ಲ. ಸಾಕ್ಷರತೆ ಈ ಅವಧಿಯಲ್ಲಿ ಒಂದೇ ದಿಕ್ಕಿನಲ್ಲಿ ಏರುತ್ತಾ ಬಂದಿದೆ. 2001ರಲ್ಲಿ ನೂರಕ್ಕೆ 57 ಇದ್ದದ್ದು 2011ಕ್ಕೆ ಸುಮಾರು 69 ಆಯಿತು. ಸೀಟುಗಳು ಮಾತ್ರ ಹೋಗಿ ಬಂದು ಮಾಡಿವೆ. 2023ರ ಮೇ ತಿಂಗಳಿಂದ 2024ರ ಮೇ ತಿಂಗಳ ಒಳಗೆ ಜನ ಓದಿದ್ದನ್ನು ಮರೆತರಾ, ಅಥವಾ ಹೊಸದಾಗಿ ಕಲಿತರಾ?

ಬರೀ ಓದಿದವರು ಓಟು ಹಾಕುವ ಚುನಾವಣೆಯೇ ನಮ್ಮಲ್ಲಿ ಇದೆ. ಇದನ್ನು ಅಣ್ಣನಿಗೆ ತಪ್ಪದೆ ಹೇಳಿ. ವಿಧಾನ ಪರಿಷತ್ತಿನ ವಾಯವ್ಯ ಪದವೀಧರ ಕ್ಷೇತ್ರ ಮತ್ತು ವಾಯವ್ಯ ಶಿಕ್ಷಕರ ಕ್ಷೇತ್ರ. ಎರಡೂ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ್ದೇ. ಒಂದರಲ್ಲಿ ಡಿಗ್ರಿ ಆಗಿ ಮೂರು ವರ್ಷ ಕಳೆದವರು, ಇನ್ನೊಂದರಲ್ಲಿ ಹೈಸ್ಕೂಲು ಮತ್ತು ಅದರ ಮೇಲಿನ ಹಂತದಲ್ಲಿ ಪಾಠ ಮಾಡುವವರು ಓಟು ಹಾಕುತ್ತಾರೆ. ಜೂನ್ 2022ರಲ್ಲಿ ಎರಡಕ್ಕೂ ಒಂದೇ ದಿನ ಮತದಾನ ಆಯಿತು. ಪದವೀಧರರು ಬಿಜೆಪಿಯ ಹಣಮಂತ ನಿರಾಣಿ ಅವರನ್ನು ಆರಿಸಿದರು. ಶಿಕ್ಷಕರು ಕಾಂಗ್ರೆಸ್‌ನ ಪ್ರಕಾಶ ಹುಕ್ಕೇರಿ ಅವರನ್ನು ಆರಿಸಿದರು. ಹೆಸರು ನೋಂದಾಯಿಸಿದ್ದರೆ ಡಿಗ್ರಿ ಇರುವ ಒಬ್ಬ ಮೇಷ್ಟ್ರು ಎರಡೂ ಕಡೆ ಓಟು ಹಾಕಬಹುದು. ಇದರಲ್ಲಿ ಓದಿದವರ ಪಕ್ಷ ಯಾವುದು, ಹೇಳಿ ನೋಡೋಣ.

ದುಡ್ಡಿನ ವಾದ ಇದಕ್ಕಿಂತ ಸಡಿಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ನಮ್ಮ ಕಬ್ಬಿನ ಊರುಗಳಲ್ಲಿ ಯಾರ ಹತ್ತಿರ ಎಷ್ಟಿದೆ ಅಂತ ಯಾವ ಪಟ್ಟಿಯೂ ಸರಿಯಾಗಿ ಹೇಳುವುದಿಲ್ಲ. ನೀರಾವರಿ ಹೊಲದ ಯಜಮಾನ ಮತ್ತು ಅವನ ಹೊಲದ ಆಳು ಒಂದೇ ಬೂತಿನಲ್ಲಿ ಓಟು ಹಾಕುತ್ತಾರೆ.

ಅಮೆರಿಕದ ನಕ್ಷೆಯ ಕಥೆಯೂ ಇಷ್ಟೆ. ಮಸಾಚುಸೆಟ್ಸ್ ಶ್ರೀಮಂತ ರಾಜ್ಯ, ಡೆಮಾಕ್ರಟಿಕ್ ಪಕ್ಷಕ್ಕೆ ಹೋಗುತ್ತದೆ. ಮಿಸಿಸಿಪ್ಪಿ ಬಡ ರಾಜ್ಯ, ರಿಪಬ್ಲಿಕನ್ ಪಕ್ಷಕ್ಕೆ ಹೋಗುತ್ತದೆ. ಹಾಗಂತ ಮಿಸಿಸಿಪ್ಪಿಯ ಬಡವರು ರಿಪಬ್ಲಿಕನ್ ಅಂದರೆ ತಪ್ಪು. 2000ದ ದಶಕದ ಸಮೀಕ್ಷೆಗಳಲ್ಲಿ ಆ ರಾಜ್ಯದ ಒಳಗೆ ರಿಪಬ್ಲಿಕನ್ ಕಡೆ ಜಾಸ್ತಿ ವಾಲಿದ್ದು ದುಡ್ಡಿದ್ದವರೇ. ಓದಿನ ವಿಷಯದಲ್ಲಂತೂ ಜನ ಕಡೆಯನ್ನೇ ಬದಲಿಸಿದ್ದಾರೆ. 1980ರ ದಶಕದಲ್ಲಿ ಪದವಿ ಪಡೆದ ಬಿಳಿಯರು ಹೆಚ್ಚಾಗಿ ರಿಪಬ್ಲಿಕನ್ನರ ಜೊತೆ ಇದ್ದರು. 2016ರ ನಂತರ ಅವರು ಡೆಮಾಕ್ರಟಿಕ್ ಕಡೆ ವಾಲಿದ್ದಾರೆ. ಡಿಗ್ರಿಯಿಂದ ಪಕ್ಷ ಗೊತ್ತಾಗುತ್ತದೆ ಅಂದರೆ, ಯಾವ ವರ್ಷದ ಡಿಗ್ರಿ?

ನನಗೆ ಇದೆಲ್ಲಕ್ಕಿಂತ ನೋವಾಗುವುದು ಜಗಳದ ಬುಡದಲ್ಲಿರುವ ಯೋಚನೆ. ಓದಿದವನ ಓಟಿಗೆ ತೂಕ ಜಾಸ್ತಿ ಅಂತ ಇಬ್ಬರೂ ಒಪ್ಪಿಕೊಂಡೇ ಜಗಳ ಆಡುತ್ತಾರೆ. ಬ್ರಿಟಿಷರ 1935ರ ಕಾಯ್ದೆಯಲ್ಲಿ ಹಾಗೇ ಇತ್ತು. ಆಸ್ತಿ, ತೆರಿಗೆ, ಓದು ನೋಡಿ ಓಟು ಕೊಡುತ್ತಿದ್ದರು, ಬಹುಪಾಲು ಜನ ಹೊರಗೆ ಉಳಿಯುತ್ತಿದ್ದರು. ಸಂವಿಧಾನ ಬರೆದವರು ಅದನ್ನು ಕಿತ್ತುಹಾಕಿ 326ನೇ ವಿಧಿಯಲ್ಲಿ ಎಲ್ಲ ವಯಸ್ಕರಿಗೂ ಓಟು ಕೊಟ್ಟರು. ಆಗ ದೇಶದ ಸಾಕ್ಷರತೆ ನೂರಕ್ಕೆ ಸುಮಾರು 18. ಅವರು ಸುಮ್ನೆ ಕೊಟ್ಟದ್ದಲ್ಲ. ಮಗ್ಗದವನಿಗೆ ತನ್ನ ಕಷ್ಟ ತನಗೇ ಚೆನ್ನಾಗಿ ಗೊತ್ತು ಅಂತ ನಂಬಿ ಕೊಟ್ಟದ್ದು ಅಂತ ನಾನು ತಿಳಿದಿದ್ದೇನೆ.

ನಿಮಗೆ ಅಂಕಿಅಂಶ ಬೇಕೇ ಬೇಕು ಅಂದರೆ ಲೋಕನೀತಿ-ಸಿಎಸ್‌ಡಿಎಸ್ ಎಂಬ ಸಂಶೋಧನಾ ಸಂಸ್ಥೆ ಚುನಾವಣೆ ನಂತರ ಮಾಡುವ ಸಮೀಕ್ಷೆಗಳನ್ನು ನೋಡಿ. ಅವರು ಮತದಾರರನ್ನೇ ಒಬ್ಬೊಬ್ಬರಾಗಿ ಕೇಳುತ್ತಾರೆ, ಓದು ಎಷ್ಟು, ಓಟು ಯಾರಿಗೆ ಅಂತ. ನಕ್ಷೆಗಿಂತ ಅದು ಎಷ್ಟೋ ಮೇಲು. ಆದರೆ ಅದೂ ಗುಂಪುಗಳ ಲೆಕ್ಕವೇ. ನಿಮ್ಮ ಕಾಕಾ ಯಾರಿಗೆ ಹಾಕಿದರು ಅಂತ ಅದೂ ಹೇಳುವುದಿಲ್ಲ.

ಇವತ್ತೇ ಅಣ್ಣನಿಗೆ ಹೇಳಿ ಆ ನಕ್ಷೆಯನ್ನು ಗ್ರೂಪಿನಿಂದ ತೆಗೆಸಿ. ಆಮೇಲೆ ಅವರೇ ಕಾಕಾಗೆ ನೇರವಾಗಿ ಫೋನ್ ಮಾಡಲಿ, ಗ್ರೂಪಿನಲ್ಲಿ ಬೇಡ. ಓಟು ಹಾಕುವ ಮುಂಚೆ ನೀವು ಏನೇನು ಯೋಚನೆ ಮಾಡಿದಿರಿ ಕಾಕಾ ಅಂತ ಕೇಳಲಿ. ಯಾವ ಪಕ್ಷಕ್ಕೆ ಅಂತ ಮಾತ್ರ ಕೇಳಬಾರದು. ಕಾಕಾ ಹೇಳುತ್ತಾ ಹೋದರೆ ನಡುವೆ ಬಾಯಿ ಹಾಕಬಾರದು. ಮೊದಲು ಬೈದರೂ ಕೇಳಿಸಿಕೊಳ್ಳಲಿ, ಬೈಯಲು ಅವರಿಗೆ ಕಾರಣ ಇದೆ.