‘ಅಲ್ಲಿ ಏನಾದರೂ ತಿಂದೆಯಾ?’

ಪ್ರಶ್ನೆ: ನನಗೆ 57 ವರ್ಷ. ಪತಿ ತೀರಿಕೊಂಡು ಆರು ವರ್ಷವಾಯಿತು. ಒಬ್ಬಳೇ ಮಗಳು, ಮದುವೆಯಾಗಿ ಜರ್ಮನಿಯಲ್ಲಿದ್ದಾಳೆ. ಪ್ರತಿ ಡಿಸೆಂಬರ್‌ನಲ್ಲಿ ಬಂದು ಒಂದು ತಿಂಗಳು ಇದ್ದು ಹೋಗುತ್ತಾಳೆ. ಅವಳು ಹೊರಟ ಮೇಲೆ ನನಗೆ ಒಲೆ ಹಚ್ಚುವ ಮನಸ್ಸಾಗುವುದಿಲ್ಲ, ಹಿತ್ತಿಲ ಗಿಡಗಳಿಗೆ ನೀರು ಹಾಕುವುದಿಲ್ಲ. ಎರಡು ಮೂರು ವಾರ ಅವಳ ಫೋನನ್ನೂ ಎತ್ತುವುದಿಲ್ಲ. ಅಳಿಯನ ಮೇಲೆ ವಿನಾಕಾರಣ ಸಿಟ್ಟು. ಮೊನ್ನೆ ಅವಳು, ‘ಅಮ್ಮಾ, ನೀನು ಥೇಟ್ ಡಿಮೀಟರ್. ನಿನ್ನನ್ನು ಹೀಗೆ ಅಳಿಸಿ ಹೋಗುವುದಕ್ಕಿಂತ ಬರದೇ ಇರುವುದೇ ವಾಸಿ’ ಎಂದಳು. ಅದು ಯಾರೋ ಗ್ರೀಕ್ ದೇವತೆಯಂತೆ. ಬೈದಳೇ? ಇನ್ನು ಬರಬೇಡ ಎಂದು ನಾನೇ ಹೇಳಿಬಿಡಲೇ?

ಉತ್ತರ: ಬೈಗುಳವಲ್ಲ, ಪೂರ್ತಿ ಹೊಗಳಿಕೆಯೂ ಅಲ್ಲ. ಮೊದಲು ಕಥೆ ಕೇಳಿ, ಬೇಜಾರು ಮಾಡಿಕೊಳ್ಳುವುದು ಆಮೇಲೆ ಇದ್ದೇ ಇದೆ.

ಡಿಮೀಟರ್ ಗ್ರೀಕರ ಪೈರಿನ ತಾಯಿ. ಹೋಮರನ ಹೆಸರಿಗೆ ಅಂಟಿಕೊಂಡು ಬಂದಿರುವ, ಎರಡೂವರೆ ಸಾವಿರ ವರ್ಷಕ್ಕೂ ಹಳೆಯ ಸ್ತೋತ್ರವೊಂದರಲ್ಲಿ ಅವಳ ಕಥೆಯಿದೆ. ಮಗಳು ಪರ್ಸೆಫೋನಿ ಬಯಲಿನಲ್ಲಿ ಹೂ ಕೀಳುತ್ತಿದ್ದಾಗ ನೆಲ ಬಾಯ್ದೆರೆಯುತ್ತದೆ. ಪಾತಾಳದ ಒಡೆಯ ಹೇಡಿಸ್ ಅವಳನ್ನು ರಥದಲ್ಲಿ ಹೊತ್ತೊಯ್ಯುತ್ತಾನೆ. ತಂದೆ, ದೇವತೆಗಳ ದೊರೆ ಜೀಯಸ್ ಮೊದಲೇ ಒಪ್ಪಿಗೆ ಕೊಟ್ಟಿದ್ದ, ತಾಯಿಗೆ ಮಾತ್ರ ತಿಳಿಸಿರಲಿಲ್ಲ. (ಹೇಡಿಸ್ ಆ ಹುಡುಗಿಗೆ ದೊಡ್ಡಪ್ಪನೂ ಹೌದು, ಸೋದರಮಾವನೂ ಹೌದು. ಆ ದೇವತೆಗಳ ಸಂಬಂಧಗಳ ಗಂಟು ಬಿಚ್ಚಲು ಈ ಅಂಕಣ ಸಾಲದು.)

ತಾಯಿ ಒಂಬತ್ತು ದಿನ ಕೈಯಲ್ಲಿ ಪಂಜು ಹಿಡಿದು, ಅನ್ನನೀರು ಬಿಟ್ಟು, ಸ್ನಾನವಿಲ್ಲದೆ ಅಲೆಯುತ್ತಾಳೆ. ನಿಜ ಗೊತ್ತಾದ ಮೇಲೆ ಮುದುಕಿಯ ವೇಷದಲ್ಲಿ ಅಥೆನ್ಸ್ ಹತ್ತಿರದ ಎಲ್ಯೂಸಿಸ್ ಊರಿನ ಬಾವಿಯ ಬಳಿ ಹೋಗಿ ಕೂರುತ್ತಾಳೆ. ಆ ಊರಿನ ಒಡೆಯನ ಹೆಣ್ಣುಮಕ್ಕಳು ಅವಳನ್ನು ಮನೆಗೆ ಕರೆದೊಯ್ಯುತ್ತಾರೆ. ಅಲ್ಲಿಯೂ ಮೌನ, ಉಪವಾಸ. ಕೊನೆಗೆ ಇಯಾಂಬೆ ಎಂಬ ಮನೆಗೆಲಸದ ಹೆಂಗಸು ಏನೇನೋ ತಮಾಷೆ ಮಾಡಿ ಅವಳನ್ನು ನಗಿಸುತ್ತಾಳೆ. ಕೊಟ್ಟ ದ್ರಾಕ್ಷಾರಸವನ್ನು ಡಿಮೀಟರ್ ಬೇಡವೆಂದು, ಜವೆಗೋಧಿ ಹಿಟ್ಟಿಗೆ ನೀರು, ಪುದೀನದ ಜಾತಿಯ ಸೊಪ್ಪು ಬೆರೆಸಿ ಕೊಡಿ ಎಂದು ಕೇಳಿ ಕುಡಿಯುತ್ತಾಳೆ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದು. ದೇವತೆಗಳು ಯಾರಿಂದಲೂ ಆಗದ ಕೆಲಸ ಒಬ್ಬ ಕೆಲಸದವಳ ಕುಚೋದ್ಯದಿಂದ ಆಯಿತು.

ಆದರೂ ದುಃಖ ಕರಗಲಿಲ್ಲ. ಆ ಊರಿನವರು ಕಟ್ಟಿಕೊಟ್ಟ ಗುಡಿಯಲ್ಲಿ ಕುಳಿತು, ಅವಳು ಒಂದು ವರ್ಷ ಬೀಜವನ್ನೇ ಮೊಳೆಯಗೊಡಲಿಲ್ಲ. ಎತ್ತುಗಳು ನೇಗಿಲು ಎಳೆದದ್ದೆಲ್ಲ ವ್ಯರ್ಥ. ಮನುಷ್ಯರು ಸತ್ತರೆ ದೇವತೆಗಳಿಗೆ ನೈವೇದ್ಯ ಕೊಡುವವರು ಯಾರು? ಜೀಯಸ್‌ಗೆ ಆಗ ಬಿಸಿ ತಟ್ಟಿತು. ಮಗಳನ್ನು ಕರೆತರಲು ದೂತನನ್ನು ಕಳಿಸಿದ.

ತಬ್ಬಿಕೊಂಡ ತಾಯಿ ಮಗಳನ್ನು ಕೇಳಿದ್ದು ಒಂದೇ: ‘ಅಲ್ಲಿ ಏನಾದರೂ ತಿಂದೆಯಾ?’

ನೀವೂ ಫೋನಿನಲ್ಲಿ ಮೊದಲು ಕೇಳುವುದು ಊಟದ ವಿಷಯವನ್ನೇ ಇರಬೇಕು. ಆದರೆ ಡಿಮೀಟರ್‌ಗೆ ಬೇಕಿದ್ದ ಉತ್ತರ ‘ಇಲ್ಲ’. ಪಾತಾಳದ ಅನ್ನ ಉಂಡವರು ಪಾತಾಳದವರಾಗುತ್ತಾರೆ. ಹೇಡಿಸ್ ಉಪಾಯದಿಂದ ದಾಳಿಂಬೆಯ ಒಂದು ಕಾಳು ತಿನ್ನಿಸಿದ್ದ. ಹಾಗಾಗಿ ವರ್ಷದ ಮೂರನೆಯ ಒಂದು ಪಾಲು ಕೆಳಗೆ, ಉಳಿದದ್ದು ತಾಯಿಯ ಜೊತೆ ಎಂದು ತೀರ್ಮಾನವಾಯಿತು. ಮಗಳು ಮೇಲೆ ಬಂದಾಗ ವಸಂತ, ಹೋದಾಗ ನೆಲ ಬರಡು. ಗ್ರೀಸಿನಲ್ಲಿ ಬಿತ್ತನೆ ಶರತ್ಕಾಲದಲ್ಲಿ, ಹೊಲ ಒಣಗಿ ಬಿರಿಯುವುದು ಬೇಸಿಗೆಯಲ್ಲಿ. ಆದ್ದರಿಂದ ಕೆಲವು ವಿದ್ವಾಂಸರು, ಮಗಳು ಕೆಳಗಿರುವ ಕಾಲವೆಂದರೆ ಬಿತ್ತನೆಯ ಕಾಳು ನೆಲದಡಿ ಕಾದಿರುವ ಬೇಸಿಗೆ ಎನ್ನುತ್ತಾರೆ. ಉತ್ತರ ಕರ್ನಾಟಕದ ಹಗೇವನ್ನು, ಅಂದರೆ ಕಾಳು ತುಂಬಿಡುವ ನೆಲದಡಿಯ ಗುಂಡಿಯನ್ನು, ಕಂಡವರಿಗೆ ಈ ಮಾತು ಥಟ್ಟನೆ ಹೊಳೆಯುತ್ತದೆ. ಹಗೇವಿಗೆ ಇಳಿಸಿದ ಜೋಳವನ್ನು ಯಾರೂ ಕಳೆದುಹೋಯಿತು ಎನ್ನುವುದಿಲ್ಲ.

ಈಗ ನಿಮ್ಮ ವಿಷಯ. ನಿಮ್ಮ ಮಗಳನ್ನು ಯಾರೂ ಹೊತ್ತೊಯ್ದಿಲ್ಲ, ಅಳಿಯ ಹೇಡಿಸ್ ಅಲ್ಲ. ಅವಳು ಅಲ್ಲಿನ ಅನ್ನವನ್ನು ತಾನಾಗಿ ಬಡಿಸಿಕೊಂಡು ಉಂಡವಳು. ಅವಳ ಮನೆ ಅಲ್ಲಿಯೂ ಇದೆ ಎಂಬುದನ್ನು ನೀವು ಇನ್ನೂ ಒಪ್ಪಿಲ್ಲ, ಹೊಟ್ಟೆನೋವಿನ ಮೂಲ ಅದು. ಇನ್ನೊಂದು ಮಾತು ತುಸು ಖಾರವಾಗಿಯೇ ಹೇಳುತ್ತೇನೆ. ಡಿಮೀಟರ್ ತಂದ ಬರ ತಪ್ಪು ಮಾಡಿದವನಿಗೆ ತಟ್ಟಿತು. ನೀವು ಮೂರು ವಾರ ಫೋನ್ ಎತ್ತದಿದ್ದರೆ ಆ ಬರ ಬೀಳುವುದು ಯಾರ ಮೇಲೆ? ‘ಬರದೇ ಇರುವುದೇ ವಾಸಿ’ ಎಂದಳಲ್ಲ, ಅದು ಹಸಿದವಳ ಮಾತು.

ಬರಬೇಡ ಎಂದು ಖಂಡಿತ ಹೇಳಬೇಡಿ. ವಿಮಾನ ನಿಲ್ದಾಣದಲ್ಲಿ ಅಳು ಬಂದರೆ ಅತ್ತುಬಿಡಿ, ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಅವಳು ಹೊರಡುವ ಮೊದಲೇ ಮುಂದಿನ ಸಲ ಬರುವ ತಾರೀಖನ್ನು ಇಬ್ಬರೂ ಕೂತು ಗೊತ್ತು ಮಾಡಿ. ಸಾಧ್ಯವಾದರೆ ಒಂದು ಸಲ ನೀವೇ ಅಲ್ಲಿಗೆ ಹೋಗಿ ಬನ್ನಿ. ಅವಳು ತಲುಪಿದ ದಿನ ಮಾಡುವ ಫೋನನ್ನು ಎತ್ತಿ. ನಗಿಸುವ ಒಬ್ಬ ಇಯಾಂಬೆ ಪಕ್ಕದ ಮನೆಯಲ್ಲೋ ಎದುರು ಮನೆಯಲ್ಲೋ ಇದ್ದೇ ಇರುತ್ತಾಳೆ, ಜನವರಿಯಲ್ಲಿ ಅವಳಿಗೆ ಬಾಗಿಲು ತೆರೆದಿಡಿ. ವಾರಗಟ್ಟಲೆ ಊಟ ನಿದ್ದೆ ಸೇರದೆ ಹೋದರೆ ಮಾತ್ರ ಸಂಕೋಚಪಡದೆ ವೈದ್ಯರನ್ನು ಕಾಣಿ.

ಈ ಭಾನುವಾರ ಮಗಳಿಗೆ ನೀವೇ ಫೋನ್ ಮಾಡಿ. ಊಟವಾಯಿತೇ ಎಂದಷ್ಟೇ ಕೇಳಿ ಬಿಡಬೇಡಿ, ಏನು ಅಡುಗೆ ಮಾಡಿದೆ, ಅಳಿಯನಿಗೆ ಇಷ್ಟವಾಯಿತೇ ಎಂದೂ ಕೇಳಿ. ಅವಳು ತಿರುಗಿ ‘ನೀನೇನು ಮಾಡಿದೆಯಮ್ಮಾ?’ ಎನ್ನುತ್ತಾಳೆ. ಆ ಹೊತ್ತಿಗೆ ಒಲೆಯ ಮೇಲೆ ಒಂದು ಸಾರಾದರೂ ಕುದಿಯುತ್ತಿರಲಿ.